ತಂದೆಯೂ ಮಗನೂ ಒಂದೇ ರಂಗದಲ್ಲಿ

ಮಗನು ಬೆಳೆದು ದೊಡ್ಡವನಾದ ಮೇಲೆ ತಂದೆಗೂ ಅವನಿಗೂ ನಡುವೆ ಮಾತು ಕಡಿಮೆಯಾಗುತ್ತ ಹೋಗುವುದು ನಮ್ಮ ಮನೆಗಳಲ್ಲಿ ತೀರ ಸಾಮಾನ್ಯವಾದ ಸಂಗತಿ. ಜಗಳವೇನೂ ಇರುವುದಿಲ್ಲ, ಪ್ರೀತಿಗೂ ಕೊರತೆಯಿರುವುದಿಲ್ಲ. ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಚೌತಿಗೆ ಬಂದ ಮಗನು 'ಆರೋಗ್ಯ ಹೇಗಿದೆ, ಅಪ್ಪಾ?' ಎಂದು ಕೇಳುತ್ತಾನೆ. 'ಅಡ್ಡಿಯಿಲ್ಲ' ಎಂದು ತಂದೆ ಉತ್ತರ ಕೊಡುತ್ತಾನೆ. ಅಲ್ಲಿಂದ ಮುಂದೆ ಏನು ಮಾತಾಡಬೇಕೆಂಬುದು ಇಬ್ಬರಿಗೂ ತೋಚುವುದಿಲ್ಲ. ಒಬ್ಬನು ವರ್ತಮಾನಪತ್ರವನ್ನೂ ಇನ್ನೊಬ್ಬನು ಕೈಯೊಳಗಿನ ಫೋನನ್ನೂ ನೋಡುತ್ತ ಜಗಲಿಯ ಎರಡು ಕೊನೆಗಳಲ್ಲಿ ಕುಳಿತಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕೆಲವರು ಸ್ವತಃ ಹಾಗೆ ಕುಳಿತಿರಲೂ ಬಹುದು.

ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂದು ನಮ್ಮ ನೀತಿಕಾರರು ವಿಧಿಸಿದ್ದಾರೆ. ವಿಧಿಯು ಸರಿಯಾದುದೇ. ಆದರೆ ಮೈತ್ರಿಯು ವಿಧಿಸಿದರೆ ಹುಟ್ಟುವ ವಸ್ತುವಲ್ಲ. 'ಇಂದಿನಿಂದ ನೀನು ನನ್ನ ಮಿತ್ರ' ಎಂದು ತಂದೆಯು ಆಜ್ಞೆ ಮಾಡಿದರೆ ಅದೂ ಆಜ್ಞೆಯೇ ಆಯಿತಲ್ಲವೆ? ಇಬ್ಬರೂ ಒಂದು ಕೆಲಸಕ್ಕೆ ಕೈ ಹಚ್ಚಿ, ಒಬ್ಬನಿಲ್ಲದೆ ಇನ್ನೊಬ್ಬನಿಗೆ ಅದು ಸಾಗದೆಂಬ ಸ್ಥಿತಿ ಬಂದಾಗ ಮಾತ್ರ ಮೈತ್ರಿಯು ತಾನಾಗಿ ಹುಟ್ಟುತ್ತದೆ. ಅಂಥ ಕೆಲಸಗಳಲ್ಲಿ ಕಲೆಗೆ ಸಮನಾದುದು ಬೇರೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಈ ತಿಂಗಳು ಅದನ್ನೇ ವಾಚಕರ ಮುಂದಿಡಬೇಕೆಂದಿದ್ದೇವೆ.

ಹೊಲ, ಗದ್ದೆ, ಅಂಗಡಿಗಳಲ್ಲಿಯೂ ತಂದೆ-ಮಕ್ಕಳು ಕೂಡಿ ದುಡಿಯುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ದುಡಿಯುತ್ತಾರೆ, ನಿಜ. ಆದರೆ ಅಲ್ಲಿ ತಿಜೋರಿಯ ಬೀಗದ ಕೈ ಒಂದೇ ಇರುತ್ತದೆ. ಅದು ತಂದೆಯ ಸೊಂಟದಲ್ಲಿರುತ್ತದೆ. ಮಗನು ಎಷ್ಟೇ ನಿಪುಣನಾದರೂ ಆ ಬೀಗದ ಕೈಗಾಗಿ ಕಾದಿರುವವನೇ. ಪಾಲು, ವಾಟಣಿ, ಹಿಸ್ಸೆಗಳ ನೆರಳು ಆ ಕೆಲಸದ ಮೇಲೆ ಬೀಳದೆ ಹೋಗುವುದಿಲ್ಲ. ಕಲೆಯಲ್ಲಿ ಬೀಗದ ಕೈಯೆಂಬುದಿಲ್ಲ. ತಾಳ ತಪ್ಪಿದರೆ ತಪ್ಪಿದವನು ತಂದೆಯೋ ಮಗನೋ ಎಂದು ಮದ್ದಲೆ ವಿಚಾರಿಸುವುದಿಲ್ಲ. ಕೆಲಸವೇ ನ್ಯಾಯಾಧೀಶನಾಗಿ ಕುಳಿತಿರುವುದರಿಂದ ತಂದೆಗೆ ಆ ಪದವಿಯಿಂದ ಕೊಂಚ ಹೊತ್ತು ಬಿಡುವು ಸಿಗುತ್ತದೆ.

ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ಅಂಕೋಲೆಯವರು ದೂರ ಹೋಗಬೇಕಾಗಿಲ್ಲ. ಫಾಲ್ಗುಣಮಾಸದಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ತಂಡವು ತುರಾಯಿ ಕಟ್ಟಿಕೊಂಡು, ಗುಮಟೆಯ ಸದ್ದಿನೊಡನೆ ಮನೆಮನೆಯ ಅಂಗಳಕ್ಕೆ ಬರುವುದನ್ನು ನಾವೆಲ್ಲರೂ ನೋಡಿದ್ದೇವೆ. ಆ ಸುತ್ತಿನಲ್ಲಿ ತಂದೆಯೂ ಇರುತ್ತಾನೆ, ಮೀಸೆ ಬಂದ ಮಗನೂ ಇರುತ್ತಾನೆ. ಕುಣಿತವು ವರ್ತುಲಾಕಾರವಾದುದರಿಂದ ಅಲ್ಲಿ ಮುಂದಿನವನು ಯಾರು, ಹಿಂದಿನವನು ಯಾರು ಎಂದು ಹೇಳಲು ಬರುವುದಿಲ್ಲ. ತಂದೆಯ ಹೆಜ್ಜೆಯನ್ನು ಮಗನು ಹಿಂಬಾಲಿಸುವಂತೆ ಕಾಣುತ್ತದೆ. ಅರ್ಧ ಸುತ್ತು ತಿರುಗುವಷ್ಟರಲ್ಲಿ ಮಗನ ಹೆಜ್ಜೆಯನ್ನು ತಂದೆಯು ಹಿಂಬಾಲಿಸುವಂತೆ ಕಾಣುತ್ತದೆ.

ನಮ್ಮ ಕಡೆ ಮಣ್ಣಿನ ಗಣಪತಿಯನ್ನು ಮಾಡುವ ಮನೆಗಳೂ ಹೀಗೆಯೇ. ಕಾರವಾರ, ಅಂಕೋಲೆಗಳ ಗೃಹಸ್ಥರು ಚೌತಿಗೆ ಬಹಳ ಮೊದಲೇ ತಮ್ಮ ಮನೆಯ ಮಣೆಯನ್ನು ಮೂರ್ತಿ ಮಾಡುವವನ ಮನೆಗೆ ಒಯ್ದು ಕೊಟ್ಟು ಬರುವ ವಾಡಿಕೆಯನ್ನು ಬಲ್ಲರು. ನಾವು ಬಹುಕಾಲದಿಂದ ಮಣೆ ಕೊಡುತ್ತ ಬಂದ ಒಂದು ಮನೆಯಲ್ಲಿ ಮಣ್ಣು ಹದ ಮಾಡುವುದು ಮಗನ ಪಾಲಿಗೂ, ಕೊನೆಯಲ್ಲಿ ಕಣ್ಣು ಬರೆಯುವುದು ತಂದೆಯ ಪಾಲಿಗೂ ಇದ್ದವು. ನೇತ್ರೋನ್ಮೀಲನವು ಹಿರಿಯನ ಹಕ್ಕು. ಒಂದು ವರ್ಷ ನಾವು ಹೋದಾಗ ಆ ಹಿರಿಯನು ಮೂಲೆಯಲ್ಲಿ ಕುಳಿತು ಮಣ್ಣನ್ನು ನಾದುತ್ತಿದ್ದನು. ಕುಂಚವು ಮಗನ ಕೈಯಲ್ಲಿತ್ತು. 'ನನಗೆ ಗೆರೆ ಎರಡಾಗಿ ಕಾಣಿಸುತ್ತದೆ, ಮಾಸ್ತರರೇ. ದೇವರಿಗೆ ಮೆಳ್ಳೆಗಣ್ಣು ಬರೆಯಲಿಕ್ಕಾಗುತ್ತದೆಯೇ?' ಎಂದು ಅವನು ನಕ್ಕನು. ನಗೆಯ ಹಿಂದೆ ಏನಿತ್ತೆಂಬುದನ್ನು ನಾವು ಕೇಳಲಿಲ್ಲ. ಆದರೆ ಮಗನು ಒಂದೊಂದು ಕಣ್ಣನ್ನು ಬರೆದು ಮುಗಿಸಿದಾಗಲೂ ಮೂರ್ತಿಯನ್ನು ತಂದೆಯ ಕಡೆಗೆ ತಿರುಗಿಸಿ, ಏನೂ ಹೇಳದೆ ನಿಲ್ಲುತ್ತಿದ್ದನು. ತಂದೆಯು ತಲೆಯಾಡಿಸಿದ ಮೇಲೆಯೇ ಮುಂದಿನ ಮೂರ್ತಿ. ಮಣ್ಣು ಸರಿಯಾಗಿ ಹದವಾಗದಿದ್ದರೆ ಮೂರ್ತಿಯು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಮುಖಕ್ಕೆ ಎಂಥ ಕಣ್ಣು ಬರೆದರೇನು? ಹೀಗೆ ಅವರ ಕೆಲಸಗಳು ಅದಲುಬದಲಾದುವೇ ಹೊರತು ಒಂದು ಮೇಲು, ಒಂದು ಕೀಳು ಆಗಲಿಲ್ಲ.

ಇವು ನಮ್ಮ ಊರಿನ ಚಿಕ್ಕ ಉದಾಹರಣೆಗಳು. ಈಗ ನಾಡೆಲ್ಲ ಬಲ್ಲ ಒಂದು ಮನೆತನದ ಮಾತನ್ನು ಎತ್ತಿಕೊಳ್ಳೋಣ. ರಾವಣನು ತಂದ ಆತ್ಮಲಿಂಗದ ಕಥೆಯಲ್ಲಿ ಗೋಕರ್ಣದೊಡನೆ ಸೇರಿಬರುವ ಐದು ಕ್ಷೇತ್ರಗಳಲ್ಲಿ ಕಾರವಾರದ ಸಜ್ಜೇಶ್ವರವು ಒಂದು. ಹೊನ್ನಾವರ ತಾಲೂಕಿನ ಗುಣವಂತೆಯು ಮತ್ತೊಂದು. ನಮ್ಮಲ್ಲಿಂದ ದಕ್ಷಿಣಕ್ಕೆ ಹೊರಟು ಗಂಗಾವಳಿ, ಅಘನಾಶಿನಿ, ಶರಾವತಿ ಈ ಮೂರು ಹೊಳೆಗಳನ್ನು ದಾಟಿದರೆ ಆ ಗುಣವಂತೆ ಸಿಗುತ್ತದೆ. ಕೆರೆಮನೆಯವರ ಯಕ್ಷಗಾನದ ನೆಲೆ ಅದೇ.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಅವರ ಮಗ ಶಂಭು ಹೆಗಡೆಯವರು ಹುಟ್ಟಿದ್ದು 1938ರಲ್ಲಿ. ಆದುದರಿಂದ ಮೇಳವು ಮಗನಿಗಿಂತ ನಾಲ್ಕು ವರ್ಷ ಹಿರಿಯದು. ಮಗನಿಗೆ ಅದು ಅಣ್ಣನಿದ್ದಂತೆ ಎಂದರೂ ಸಲ್ಲುತ್ತದೆ. ಶಿವರಾಮ ಹೆಗಡೆಯವರ ಸೋದರಸಂಬಂಧದ ಮಹಾಬಲ ಹೆಗಡೆಯವರೂ, ಸ್ತ್ರೀವೇಷದಲ್ಲಿ ಹೆಸರಾದ ಕಿರಿಯ ಮಗ ಗಜಾನನ ಹೆಗಡೆಯವರೂ ಅದೇ ರಂಗದ ಮೇಲೆ ಬೆಳಗಿದವರು. ಒಂದು ಮನೆಯ ಜನರೇ ಕೌರವರೂ ಪಾಂಡವರೂ ಆಗಿ ರಾತ್ರಿಯೆಲ್ಲ ಹೋರಾಡಿ, ಬೆಳಗಿನ ಜಾವ ಚೌಕಿಯಲ್ಲಿ ಒಟ್ಟಿಗೆ ಬಣ್ಣ ಅಳಿಸಿಕೊಳ್ಳುವ ವಿಚಿತ್ರವು ಯಕ್ಷಗಾನದಲ್ಲಲ್ಲದೆ ಬೇರೆಲ್ಲಿ ಸಾಧ್ಯ?

ಇಲ್ಲಿ ಯಕ್ಷಗಾನದ ಒಂದು ರೀತಿಯನ್ನು, ಘಟ್ಟದ ಮೇಲಿನ ವಾಚಕರಿಗಾಗಿ, ಸ್ವಲ್ಪ ವಿವರಿಸಬೇಕು. ಪ್ರಸಂಗದ ಪದ್ಯಗಳನ್ನು ಕವಿಯು ಬರೆದಿಟ್ಟಿರುತ್ತಾನೆ. ಭಾಗವತನು ಅವನ್ನು ಹಾಡುತ್ತಾನೆ. ಆದರೆ ಪದ್ಯದ ತರುವಾಯ ಪಾತ್ರಧಾರಿಯು ಆಡುವ ಅರ್ಥವನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಅದು ಆ ಕ್ಷಣದಲ್ಲಿ ಹುಟ್ಟತಕ್ಕದ್ದು. ಎದುರಿಗಿರುವವನು ಏನು ಹೇಳುವನೋ ಅದನ್ನು ಕೇಳಿಯೇ ಉತ್ತರ ಕೊಡಬೇಕು. ಮನಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತು, ಎದುರಿನವನು ಬೇರೆ ಹಾದಿ ಹಿಡಿದೊಡನೆ, ಕೆಲಸಕ್ಕೆ ಬಾರದೆ ಹೋಗುತ್ತದೆ. ಅಂದಮೇಲೆ ಅರ್ಥಗಾರಿಕೆಯ ಮೊದಲನೆಯ ವಿದ್ಯೆಯು ಮಾತಾಡುವುದಲ್ಲ, ಕೇಳುವುದು.

ಇದನ್ನು ಗೃಹಸ್ಥರು ಸಾವಧಾನವಾಗಿ ಯೋಚಿಸಬೇಕೆಂದು ನಮ್ಮ ಬಿನ್ನಹ. ಜಗಲಿಯ ಮೇಲೆ ಮಗನು ಬಾಯಿ ತೆರೆದಾಗ ತಂದೆಯು ಕೇಳದಿದ್ದರೂ ನಡೆಯುತ್ತದೆ. ಮಾತಿನ ಮುಕ್ತಾಯವು ಅವನಿಗೆ ಮೊದಲೇ ಗೊತ್ತಿರುವಂತೆ ತೋರುತ್ತದೆ. ರಂಗದ ಮೇಲೆ ಹಾಗೆ ಮಾಡಿದರೆ ಸಾವಿರ ಜನರ ಎದುರಿಗೆ ಮುಖಭಂಗವಾಗುತ್ತದೆ. ಸುಯೋಧನನ ವೇಷದಲ್ಲಿ ನಿಂತ ತಂದೆಯು, ಕೃಷ್ಣನಾಗಿ ಬಂದ ಮಗನ ಒಂದೊಂದು ಮಾತನ್ನೂ ಅದರ ತೂಕವನ್ನು ಅಳೆದು ಸ್ವೀಕರಿಸಬೇಕು. ಮಗನಾದರೂ ತಂದೆಯೆಂಬ ಭಯದಿಂದ ಮಾತನ್ನು ಮೆತ್ತಗೆ ಮಾಡಿದರೆ ಪ್ರಸಂಗವು ಕೆಡುತ್ತದೆ. ತಂದೆಯನ್ನು ಸೋಲಿಸಿ ಮೆರೆಯಬೇಕೆಂದು ಹೊರಟರೂ ಕೆಡುತ್ತದೆ. ಎದುರಾಳಿಯ ಕೋಪವು ಸತ್ಯವಾಗಿ ಕಾಣುವಂತೆ ಅವನಿಗೆ ಎಡೆ ಮಾಡಿಕೊಡುವುದೇ ಪಾತ್ರಧಾರಿಯ ಧರ್ಮ.

ಎಲ್ಲೆಡೆಯಲ್ಲಿಯೂ ಜಯವನ್ನು ಬಯಸಬೇಕು, ಮಗನಿಂದ ಮಾತ್ರ ಸೋಲನ್ನು ಬಯಸಬೇಕು ಎಂಬುದು ಹಿರಿಯರ ಮಾತು. ಬಹಳ ಉದಾರವಾದ ಮಾತೆಂದು ನಾವು ಪಾಠಶಾಲೆಯಲ್ಲಿ ಎಷ್ಟೋ ಸಲ ಹುಡುಗರಿಗೆ ಹೇಳಿದ್ದೇವೆ, ಈಗಲೂ ಹೇಳುತ್ತೇವೆ. ಆದರೂ ಅದರಲ್ಲಿ ಒಂದು ಕಣವು ಉಳಿದೇ ಇದೆ. ಅಲ್ಲಿ ಇಬ್ಬರು ಪ್ರತಿಸ್ಪರ್ಧಿಗಳು, ಒಬ್ಬ ಗೆದ್ದವನು, ಒಬ್ಬ ಸೋತವನು. ಕೂಡಿ ಮಾಡುವ ಕಲೆಯು ಇದಕ್ಕಿಂತ ಮೇಲಿನ ಒಂದು ಮೆಟ್ಟಿಲನ್ನು ತೋರಿಸುತ್ತದೆ. ಅಲ್ಲಿ ಸುಯೋಧನನ ತೊಡೆ ಮುರಿದಾಗ ಗೆದ್ದದ್ದು ಭೀಮನ ವೇಷವೂ ಅಲ್ಲ, ಸೋತದ್ದು ಸುಯೋಧನನ ವೇಷವೂ ಅಲ್ಲ; ಆಟವು ಗೆದ್ದಿತು ಅಥವಾ ಆಟವು ಸೋತಿತು, ಅಷ್ಟೆ.

ಆದರೆ ಕೂಡಿ ಕುಣಿಯುವುದು ಸುಲಭ. ಬೇರೆಯಾಗಿ ಕಲಿತು ಬಂದವನೊಡನೆ ಕೂಡಿ ಕುಣಿಯುವುದು ಕಠಿಣ. ಶಂಭು ಹೆಗಡೆಯವರು ಮನೆಯ ವಿದ್ಯೆಯಲ್ಲಿಯೇ ನಿಲ್ಲಲಿಲ್ಲ. ಅವರು ದಿಲ್ಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಾಸ ಮಾಡಿ ಬಂದರು. ತನ್ನ ಕೈಯಿಂದ ಹೆಜ್ಜೆ ಕಲಿತ ಮಗನು ಇನ್ನೊಬ್ಬ ಗುರುವಿನಿಂದ ಬೇರೊಂದು ಕಣ್ಣನ್ನು ಪಡೆದು ಹಿಂತಿರುಗಿದಾಗ ತಂದೆಯಾದವನಿಗೆ ಎರಡು ಹಾದಿಗಳಿರುತ್ತವೆ: 'ನಮ್ಮಲ್ಲಿ ಇಲ್ಲದ್ದು ಅಲ್ಲಿ ಏನಿತ್ತು?' ಎಂದು ಬಾಗಿಲು ಮುಚ್ಚುವುದು ಒಂದು. 'ತಂದದ್ದನ್ನು ಚೌಕಿಯಲ್ಲಿಡು, ನೋಡೋಣ' ಎನ್ನುವುದು ಇನ್ನೊಂದು. ಕೆರೆಮನೆಯವರಲ್ಲಿ ಬಾಗಿಲು ಮುಚ್ಚಲಿಲ್ಲವೆಂಬುದಕ್ಕೆ ಮುಂದಿನ ಚರಿತ್ರೆಯೇ ಸಾಕ್ಷಿ. ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಕೆಲವು ಗಂಟೆಗಳ ಮಿತಿಯೊಳಗೆ, ರಸಕ್ಕೆ ಕುಂದು ಬಾರದಂತೆ, ಅಳವಡಿಸುವ ಕಾರ್ಯದಲ್ಲಿ ಈ ಮಂಡಳಿಯು ಮುಂದಾಯಿತು. ದೂರದ ನಾಡುಗಳ ರಂಗಗಳನ್ನೂ ಕಂಡಿತು. ತಂದೆಗೂ ಮಗನಿಗೂ, ತಮ್ಮ ತಮ್ಮ ಕಾಲದಲ್ಲಿ, ಕೇಂದ್ರದ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯು ದೊರಕಿತು. 1984ರಲ್ಲಿ ಶಿವರಾಮ ಹೆಗಡೆಯವರು ತೀರಿಕೊಂಡರು. 1986ರಲ್ಲಿ ಶಂಭು ಹೆಗಡೆಯವರು ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ತೆರೆದರು. ತಂದೆಯಿಂದ ಬಂದುದನ್ನು ಮನೆಯ ಮಕ್ಕಳಿಗೆ ಮಾತ್ರ ಕೊಟ್ಟು ಸುಮ್ಮನಾಗದೆ, ಬೇರೆಯವರ ಮಕ್ಕಳಿಗೂ ಹಂಚಲು ಮನೆ ಕಟ್ಟಿದ್ದು ಪಿತೃಋಣವನ್ನು ತೀರಿಸುವ ಉತ್ತಮ ಮಾರ್ಗವಲ್ಲವೆ? 2009ರ ಫೆಬ್ರುವರಿಯಲ್ಲಿ ಇಡಗುಂಜಿಯ ರಥೋತ್ಸವದ ಆಟದಲ್ಲಿ ವೇಷ ಕಟ್ಟಿದ್ದಾಗಲೇ ಅಸ್ವಸ್ಥರಾಗಿ ಶಂಭು ಹೆಗಡೆಯವರು ದೇಹ ಬಿಟ್ಟರು. ಅವರ ಮಗ ಶಿವಾನಂದ ಹೆಗಡೆಯವರು ಮಂಡಳಿಯನ್ನು ಮುಂದೆ ನಡೆಸಿದರು. ನಾಲ್ಕನೆಯ ತಲೆಮಾರಿನವರೂ ಗೆಜ್ಜೆ ಕಟ್ಟಿದ್ದಾರೆ.

ಎದುರೆದುರು ನಿಂತು ಮಾಡುವ ಕಲೆಯ ಮಾತಾಯಿತು. ಹಿಂದೆ ಕುಳಿತು ಮಾಡುವ ಕಲೆಯೂ ಒಂದುಂಟು. ನಮ್ಮ ಜಿಲ್ಲೆಯ ಹುಡುಗರು ಓದಲೆಂದು ಘಟ್ಟ ಹತ್ತಿ ಹೋಗುತ್ತಿದ್ದ ಧಾರವಾಡದಲ್ಲಿ ಪಂಡಿತ ಮಲ್ಲಿಕಾರ್ಜುನ ಮನಸೂರರೂ ಅವರ ಮಗ ರಾಜಶೇಖರ ಮನಸೂರರೂ ಇದ್ದರು. ಮಗನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಭಾಷೆಯ ಪ್ರಾಧ್ಯಾಪಕ. ಸಭೆಯಲ್ಲಿ ಮಾತ್ರ ತಂದೆಯ ಹಿಂದೆ ಕುಳಿತು ಸ್ವರ ಸೇರಿಸುವವನು. ಇಂಥ ಸಹಗಾಯನದ ಕಷ್ಟವನ್ನು ಸಂಗೀತವನ್ನು ಬಲ್ಲವರೇ ಬಲ್ಲರು. ಮುಂದೆ ಕುಳಿತವರು ಉಸಿರು ತೆಗೆದುಕೊಳ್ಳುವ ಆ ಒಂದು ನಿಮಿಷಾರ್ಧದಲ್ಲಿ ರಾಗದ ಎಳೆ ಕಡಿಯದಂತೆ ಹಿಡಿದುಕೊಳ್ಳಬೇಕು. ಅವರು ಮತ್ತೆ ಎತ್ತಿಕೊಂಡೊಡನೆ ಬಿಟ್ಟುಕೊಡಬೇಕು. ಹೆಚ್ಚಾಗಿ ಹಾಡಿದರೆ ಅಧಿಕಪ್ರಸಂಗ. ಕಡಿಮೆ ಹಾಡಿದರೆ ರಾಗಕ್ಕೆ ತೂತು. ತಂದೆಗೆ ವಯಸ್ಸಾದಂತೆ ಆ ಉಸಿರಿನ ಎಡೆಗಳು ಹಿಗ್ಗುತ್ತ ಹೋಗುತ್ತವೆ. ಮಗನ ಪಾಲೂ ಹಿಗ್ಗುತ್ತದೆ. ವೃದ್ಧಾಪ್ಯದಲ್ಲಿ ತಂದೆಗೆ ಆಸರೆಯಾಗುವುದೆಂದರೆ ಕೈ ಹಿಡಿದು ಮೆಟ್ಟಿಲು ಇಳಿಸುವುದಷ್ಟೇ ಅಲ್ಲ. ಅವನ ರಾಗವು ನಡುವೆ ನಿಲ್ಲದಂತೆ ನೋಡಿಕೊಳ್ಳುವುದೂ ಆಸರೆಯೇ. 1992ರಲ್ಲಿ ಮಲ್ಲಿಕಾರ್ಜುನ ಮನಸೂರರು ಗತಿಸಿದರು. ಆಮೇಲೆ ಮೂವತ್ತು ವರ್ಷ, 2022ರವರೆಗೆ, ರಾಜಶೇಖರರು ಬದುಕಿದ್ದರು. ಹಿಂದಿನ ಆಸನದಲ್ಲಿ ಕಲಿತುದನ್ನು ಮುಂದಿನ ಆಸನದಲ್ಲಿ ಹಾಡಿದರು.

ಜೊತೆಗೆ ಮಾಡುವ ಭಾಗ್ಯವೇ ಇಲ್ಲದೆ, ತಂದೆಯು ಬಿಟ್ಟುಹೋದುದನ್ನು ಒಬ್ಬನೇ ಮುಗಿಸಬೇಕಾದ ಮಗನ ಕಥೆಯೂ ನಮ್ಮ ವಾಙ್ಮಯದಲ್ಲಿದೆ. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟನು ಕಾದಂಬರಿಯನ್ನು ಪೂರ್ತಿಗೊಳಿಸುವ ಮೊದಲೇ ತೀರಿಕೊಂಡನು. ಉತ್ತರಭಾಗವನ್ನು ಬರೆದವನು ಅವನ ಮಗ. ಭೂಷಣಭಟ್ಟನೆಂದು ಕೆಲವರೂ ಪುಲಿಂದನೆಂದು ಕೆಲವರೂ ಅವನನ್ನು ಕರೆಯುತ್ತಾರೆ. ಹೆಸರಿನಲ್ಲಿಯೇ ಒಮ್ಮತವಿಲ್ಲದಷ್ಟು ಅವನು ತಂದೆಯ ಹಿಂದೆ ನಿಂತುಬಿಟ್ಟಿದ್ದಾನೆ. ಕವಿಯೆನಿಸಿಕೊಳ್ಳುವ ಹೆಮ್ಮೆಯಿಂದಲ್ಲ, ಕಥೆಯು ನಿಂತುಹೋದುದಕ್ಕೆ ಸಜ್ಜನರು ಪಟ್ಟ ದುಃಖವನ್ನು ಕಂಡು ಈ ಕಾರ್ಯಕ್ಕೆ ಕೈಹಾಕಿದೆನೆಂಬ ಭಾವವನ್ನು ಅವನು ಆರಂಭದಲ್ಲಿಯೇ ಸೂಚಿಸುತ್ತಾನೆ. ಅವನ ಗದ್ಯವು ತಂದೆಯದಕ್ಕೆ ಸಮನಲ್ಲವೆಂದು ಪಂಡಿತರು ತೀರ್ಪು ಕೊಡುತ್ತಾರೆ. ಕೊಡಲಿ. ಆದರೆ ಒಂದು ಸಂಗತಿಯನ್ನು ನಾವು ಆಗಾಗ ಯೋಚಿಸುತ್ತೇವೆ: 'ಇಲ್ಲಿಂದ ಮುಂದೆ ಏನಾಗಬೇಕು, ಅಪ್ಪಾ?' ಎಂದು ಕೇಳಲು ಅವನಿಗೆ ಯಾರೂ ಇರಲಿಲ್ಲ. ಇಂದು ಹಾಗೆ ಕೇಳಲು ಯಾರಿಗೆ ಎಡೆಯಿದೆಯೋ ಅವರು ಕೇಳದೆ ದಿನ ಕಳೆಯುವುದು ದೊಡ್ಡ ನಷ್ಟ.

ತಾಯಿ-ಮಗಳಂದಿರನ್ನು ಮರೆತರೆ ಈ ಲೇಖನವು ಅರ್ಧವಾಗುತ್ತದೆ. ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿತವರಲ್ಲ. ತಾಯಿಯ ಬಾಯಿಂದ ಕೇಳಿ ಕಲಿತ ಹಾಲಕ್ಕಿ ಹಾಡುಗಳ ಭಂಡಾರವನ್ನೇ ನೆನಪಿನಲ್ಲಿಟ್ಟುಕೊಂಡಿದ್ದವರು. 2017ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀಯನ್ನು ಕೊಟ್ಟಿತು. 2025ರ ಫೆಬ್ರುವರಿಯಲ್ಲಿ ಅವರು ನಮ್ಮನ್ನಗಲಿದರು. ಹೆಂಗಸರ ಇಂಥ ಹಾಡುಗಳು ಒಂದೇ ಕಂಠದವಲ್ಲ. ಒಬ್ಬಳು ಎತ್ತಿದ ಸೊಲ್ಲನ್ನು ಇನ್ನೊಬ್ಬಳು ಹಿಡಿಯಬೇಕು. ತಾಯಿಯು ಮರೆತ ನುಡಿಯನ್ನು ಮಗಳು ನೆನಪಿಸಿಕೊಡುವುದೂ, ಮಗಳು ಅವಸರಪಟ್ಟಲ್ಲಿ ತಾಯಿಯು ತಡೆಯುವುದೂ ಅಲ್ಲಿ ಸಹಜ. ಹಾಡನ್ನು ಬರೆದಿಟ್ಟರೆ ಅದು ಪುಸ್ತಕದಲ್ಲಿ ಉಳಿಯುತ್ತದೆ, ಒಳ್ಳೆಯದೇ. ಆದರೆ ಹಿಡಿಯುವ ಎರಡನೆಯ ಕಂಠವಿಲ್ಲದಿದ್ದರೆ ಅದು ಹಾಡಾಗಿ ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಅಪಾಯಗಳನ್ನೂ ಮುಚ್ಚಿಡಬಾರದು. ತಾನು ಕಾಣದೆ ಹೋದ ಕೀರ್ತಿಯನ್ನು ಮಗನ ಮೂಲಕ ಪಡೆಯಬೇಕೆಂದು ಹವಣಿಸುವ ತಂದೆಯಿದ್ದಾನೆ; ಅವನು ಮಗನನ್ನು ಜೊತೆಗಾರನನ್ನಾಗಿ ಅಲ್ಲ, ಕುಂಚವನ್ನಾಗಿ ಬಳಸುತ್ತಾನೆ. ತಂದೆಯ ವಿದ್ಯೆಯನ್ನು ಗಾಜಿನ ಕಪಾಟಿನಲ್ಲಿಟ್ಟು ಬಂದವರಿಗೆ ತೋರಿಸುವ ಮಗನೂ ಇದ್ದಾನೆ. ಅವನಿಗೆ ತಂದೆಯು ಬದುಕಿರುವ ಮನುಷ್ಯನಾಗಿ ಕಾಣುವುದಿಲ್ಲ. ಹೆಸರು ಯಾರದು, ಸಂಭಾವನೆ ಯಾರ ಕೈಗೆ ಎಂಬ ಪ್ರಶ್ನೆಗಳು ಏಳುತ್ತವೆ. ಅವನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳದೆ 'ಮನೆಯವರಲ್ಲಿ ಲೆಕ್ಕವೇಕೆ?' ಎಂದು ಸುಮ್ಮನಿದ್ದವರೇ ಮುಂದೆ ಹೆಚ್ಚು ಕಹಿಯನ್ನುಂಡವರು. ಇನ್ನು ಮಗನಿಗೆ ಆ ಕಲೆಯಲ್ಲಿ ಮನಸ್ಸೇ ಇಲ್ಲದಿದ್ದರೆ ಬಲಾತ್ಕಾರ ಸಲ್ಲದು. ಕುಲವಿದ್ಯೆಯು ಮಗನಿಗಾಗಿ ಇರುವುದು. ಮಗನು ಕುಲವಿದ್ಯೆಗಾಗಿ ಹುಟ್ಟಿದವನಲ್ಲ.

ನಮ್ಮ ಮನೆಯಲ್ಲಿ ಯಕ್ಷಗಾನವೂ ಇಲ್ಲ, ಸಂಗೀತವೂ ಇಲ್ಲ; ನಾವೇನು ಮಾಡೋಣ ಎಂದು ವಾಚಕರು ಕೇಳುವರು. ಪದ್ಮಶ್ರೀ ಬರುವಂಥದೇ ಆಗಬೇಕೆಂದು ಯಾರು ಹೇಳಿದರು? ಚೌತಿಯ ಮಂಟಪದ ಮೇಲೆ ಫಲಾವಳಿ ಕಟ್ಟುವುದು ಕಲೆಯಲ್ಲವೆ? ಅಂಗಳದ ರಂಗವಲ್ಲಿ, ಅಜ್ಜಿಯ ಹಾಡುಗಳನ್ನು ಒಂದು ವಹಿಯಲ್ಲಿ ಬರೆದು ರಾಗ ಹೊಂದಿಸುವುದು, ಒಬ್ಬರು ಕಥೆ ಹೇಳಿ ಇನ್ನೊಬ್ಬರು ಚಿತ್ರ ಬರೆಯುವುದು, ಇವೆಲ್ಲ ಸಾಲವೆ? ಒಂದೇ ನಿಯಮ: ಆ ಕೆಲಸದಲ್ಲಿ ಒಂದು ಪಾಲನ್ನಾದರೂ ಮಗನಿಗೋ ಮಗಳಿಗೋ ಸಂಪೂರ್ಣವಾಗಿ ಬಿಟ್ಟುಕೊಡಬೇಕು, ಅದರಲ್ಲಿ ಹಿರಿಯರು ಕೈಯಾಡಿಸಬಾರದು. ಕಿರಿಯರೂ ಹಾಗೆಯೇ, ತಂದೆತಾಯಿಗಳಿಗೆ 'ನೀವು ಸುಮ್ಮನೆ ಕುಳಿತಿರಿ, ನಾವು ಮಾಡುತ್ತೇವೆ' ಎಂದು ಹೇಳುವುದನ್ನು ಪ್ರೀತಿಯೆಂದು ತಿಳಿಯಬಾರದು. ಸುಮ್ಮನೆ ಕುಳ್ಳಿರಿಸುವುದು ಎಷ್ಟೋ ಸಲ ಹೊರಗೆ ಹಾಕುವುದಕ್ಕೆ ಸಮಾನವಾಗುತ್ತದೆ. ಕಣ್ಣು ಬರೆಯಲಾಗದವನಿಗೆ ಮಣ್ಣು ನಾದುವ ಕೆಲಸವುಂಟು.

ಚೌತಿಗೆ ಮಕ್ಕಳು ಊರಿಗೆ ಬರುವರು. ನಾಲ್ಕು ದಿನವಿದ್ದು ಹೋಗುವರು. ಫಲಾವಳಿ ಕಟ್ಟಲು ತೆಂಗಿನಕಾಯಿ, ಮಾವಿನೆಲೆ, ಅಡಿಕೆಯ ಸಿಂಗಾರಗಳನ್ನು ತಂದಿಡುವಾಗ ಒಂದು ಹಗ್ಗದ ತುದಿಯನ್ನು ಅವರ ಕೈಯಲ್ಲಿ ಕೊಟ್ಟು ನೋಡಿರಿ. ಇನ್ನೊಂದು ತುದಿಯನ್ನು ನೀವು ಹಿಡಿಯಿರಿ. ಗಂಟು ಎಲ್ಲಿ ಹಾಕಬೇಕೆಂಬ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಬರುವುದು ಖಂಡಿತ. ಮಾತು ಅಲ್ಲಿಂದಲೇ ಮೊದಲಾಗಲಿ.